ಕೂಲರಿನ ಸಾಕ್ಷಿ

ಮೂರನೇ ಸಲ ಟ್ಯಾಂಕರಿನವರು ನಮ್ಮ ಹಾಲು ಹುಳಿ ಬಂದಿದೆಯೆಂದು ಬಿಟ್ಟುಹೋದ ದಿನ, ಹಾಲಿನ ಸಂಘದ ನಡಾವಳಿ ಪುಸ್ತಕದಲ್ಲಿ ನನ್ನ ಹೆಸರು ಬರೆದರು. ‘ಟೆಸ್ಟರ್ ರಂಜಿತಾ ಅವರು ಕೂಲರ್ ಟ್ಯಾಂಕನ್ನು ಸರಿಯಾಗಿ ತೊಳೆಯದ ಕಾರಣ’ ಎಂದು. ಆರು ವರ್ಷದಿಂದ ಆ ಟ್ಯಾಂಕಿನೊಳಗೆ ಅರ್ಧ ಮೈ ಇಳಿಸಿ ಉಜ್ಜುತ್ತಿರುವವಳು ನಾನು. ಬರೆಸಿದ ನಿರ್ದೇಶಕರಲ್ಲಿ ಒಬ್ಬರಾದರೂ ಒಂದು ದಿನ ಬ್ರಷ್ ಮುಟ್ಟಿ ನೋಡಿದವರಲ್ಲ.

“ತಪ್ಪಾಯ್ತು ಅಂತ ಒಂದು ಕಾಗ್ದ ಬರ್ಕೊಡವ್ವ, ಮುಗ್ದೋಯ್ತದೆ,” ಎಂದರು ಅಧ್ಯಕ್ಷ ಗಂಗಣ್ಣ. “ಇಲ್ಲಾಂದ್ರೆ ಈ ಸೋಮವಾರ ಬುಟ್ಟು ಆಚೆ ಸೋಮವಾರದ ಮೀಟಿಂಗಲ್ಲಿ ಬೇರೆ ಟೆಸ್ಟರ್ ನೋಡ್ಬೇಕಾಯ್ತದೆ.”

“ಬರ್ಯಲ್ಲ ಗಂಗಣ್ಣ. ತೊಳ್ದಿದೀನಿ,” ಎಂದೆ.

ಕೂಲರ್ ಮೇಲೆ ಡಿಗ್ರಿ ತೋರಿಸುವ ಮುಳ್ಳು ವರ್ಷದಿಂದ ನಾಲ್ಕು ಡಿಗ್ರಿಯಲ್ಲೇ ಕೆಟ್ಟು ನಿಂತಿತ್ತು. ಹಾಲು ನಿಜವಾಗಿ ಎಷ್ಟು ತಣ್ಣಗಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಕೊಳೆ ನನ್ನದು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು! ಅವತ್ತೇ ಯುಎಸ್‌ಬಿಗೆ ಚುಚ್ಚುವ ಒಂದು ಟೆಂಪರೇಚರ್ ಸೆನ್ಸರ್ ಆರ್ಡರ್ ಮಾಡಿದೆ.

ಸಂಘ ಸೇರುವ ಮುಂಚೆ ಶನಿವಾರಸಂತೆಯ ಸೈಬರ್ ಅಂಗಡಿಯಲ್ಲಿ ನಾಲ್ಕು ವರ್ಷ ಕೂತವಳು ನಾನು. ಸಂಘದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಎಬ್ಬಿಸಿದ್ದೂ ನಾನೇ. ಮಂಗಳವಾರ ಪಾರ್ಸೆಲ್ ಬಂತು. ಬೆರಳುದ್ದದ ಕಡ್ಡಿ, ಅದರಿಂದ ಹೊರಟ ಉದ್ದ ತಂತಿ, ತಂತಿಯ ತುದಿಗೆ ಒಂದು ಸ್ಟೀಲಿನ ಮೊಳೆ. ಮೊಳೆಯನ್ನು ಟ್ಯಾಂಕಿನ ಥರ್ಮಾಮೀಟರ್ ತೂತಿಗೆ ಇಳಿಸಿ, ತಂತಿಯನ್ನು ಕಿಟಕಿಯಿಂದ ಮುಂದಿನ ಕೋಣೆಗೆ ಎಳೆದು, ಕಡ್ಡಿಯನ್ನು ಅಲ್ಲಿನ ಕಂಪ್ಯೂಟರಿಗೆ ಚುಚ್ಚಿದೆ.

ಕಾರ್ಯದರ್ಶಿ ಶಿವಪ್ರಕಾಶ್ ಬಂದು ಇಣುಕಿದರು. “ಏನಮ್ಮ, ಈ ಕಡ್ಡಿ ಬಂದು ನಿನ್ ಪರ ಸಾಕ್ಷಿ ಹೇಳ್ತದಾ?”

“ಯಾರ್ ಪರ ಹೇಳ್ತದೋ ನೋಡಾನ ಸಾರ್.”

ಕಡ್ಡಿ ಮೊದಲು ಬಾಯೇ ಬಿಡಲಿಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಹೆಸರಿದೆ, ಓದಲು ಹೋದರೆ ‘ಅನುಮತಿ ಇಲ್ಲ’ ಎನ್ನುತ್ತದೆ. ಇದೂ ಅಧ್ಯಕ್ಷರ ಪಾರ್ಟಿ ಸೇರಿತೇ ಎಂದು ಬೈದುಕೊಂಡೆ. ಅಡ್ಮಿನ್ ಆಗಿ ಕೇಳಿದರೆ ಮಾತ್ರ ಡಿಗ್ರಿ ಹೇಳುತ್ತಿತ್ತು. ಈ ಸೆನ್ಸರನ್ನು ಯಾರು ಬೇಕಾದರೂ ಓದಬಹುದು ಎಂದು ಒಂದು ಸಾಲಿನ ನಿಯಮ ಬರೆದು ಉಳಿಸಿ, ಕಡ್ಡಿ ಕಿತ್ತು ಮತ್ತೆ ಚುಚ್ಚಿದೆ. ಆಗ ದಾರಿಗೆ ಬಂತು. ಮೀನಿನ ಗಾಡಿಯವನ ಹತ್ತಿರ ಐಸ್ ಇಸಕೊಂಡು, ಲೋಟದ ನೀರಿಗೆ ಹಾಕಿ, ಶಿವಪ್ರಕಾಶರ ಎದುರೇ ಮೊಳೆಯನ್ನು ಟ್ಯಾಂಕಿನಿಂದ ತೆಗೆದು ಅದ್ದಿದೆ. ಸೊನ್ನೆ ಪಾಯಿಂಟ್ ಮೂರು ತೋರಿಸಿತು. ಐಸ್ ನೀರು ಇರಬೇಕಾದದ್ದೂ ಸೊನ್ನೆಯ ಹತ್ತಿರವೇ, ಕಡ್ಡಿ ಸುಳ್ಳು ಹೇಳುತ್ತಿಲ್ಲ ಎಂದು ತೋರಿಸಿ ಮೊಳೆಯನ್ನು ಮತ್ತೆ ತೂತಿಗೆ ಇಳಿಸಿದೆ. ಐದು ನಿಮಿಷಕ್ಕೊಮ್ಮೆ ಗಂಟೆ, ಡಿಗ್ರಿ ಎರಡೂ ಫೈಲಿಗೆ ತಾನೇ ಬರೆದುಕೊಳ್ಳುವ ಹಾಗೆ ಮಾಡಿಟ್ಟೆ.

ಬುಧವಾರ, ಗುರುವಾರ ಮಳೆ ಬಿಟ್ಟಿತ್ತು. ಎರಡೂ ದಿನ ಹಾಲು ಒಂಬತ್ತು ಗಂಟೆಗೆಲ್ಲ ನಾಲ್ಕು ಡಿಗ್ರಿಗೆ ಇಳಿಯಿತು. ಶುಕ್ರವಾರ ಬೆಳಗ್ಗೆ ಕೊಡೆ ಹಿಡಿಯಲಾಗದಷ್ಟು ಮಳೆ. ಏಳೂ ಇಪ್ಪತ್ತಕ್ಕೆ ಡಿಗ್ರಿ ಹತ್ತೊಂಬತ್ತರಲ್ಲಿ ನಿಂತಿತು. ಏಳೂವರೆಗೂ ಹತ್ತೊಂಬತ್ತೇ. ಕ್ಯಾನು ಅಲ್ಲೇ ಬಿಟ್ಟು ಹಿಂದಿನ ಕೋಣೆಗೆ ಓಡಿದೆ.

ಮೆಷಿನ್ ನಿಂತುಹೋಗಿತ್ತು. ಕೂಲರ್ ಹಿಂಬದಿಯ ಫ್ಯಾನ್ ಬಿಸಿಗಾಳಿ ಬಿಡುತ್ತದಲ್ಲ, ಅದರ ಮುಂದೆ ಹಗ್ಗ ಕಟ್ಟಿ ಹನ್ನೆರಡು ಒದ್ದೆ ಮಳೆಕೋಟು ನೇತುಹಾಕಿದ್ದರು. ಹಾಲು ಹಾಕಲು ಬಂದವರು ಕೋಟನ್ನು ಒಣಗಲು ಬಿಟ್ಟು, ಜಗಲಿಯಲ್ಲಿ ಕಾಫಿ ಕುಡಿಯುತ್ತ ಆನೆ ಯಾರ ಗದ್ದೆಗೆ ಇಳಿಯಿತೆಂದು ಹತ್ತು ಗಂಟೆಯವರೆಗೆ ಮಾತಾಡುವುದು ನಮ್ಮಲ್ಲಿ ಪ್ರತಿ ಮಳೆಗಾಲದ ರೂಢಿ. ಗಾಳಿ ಹೋಗಲು ಜಾಗವಿಲ್ಲದೆ ಮೆಷಿನ್ ಕಾದು ತಾನೇ ಆಫ್ ಆಗುತ್ತಿತ್ತು. ಕೋಟು ತೆಗೆದುಕೊಂಡು ಹೋದ ಮೇಲೆ ತಾನೇ ಶುರುವಾಗುತ್ತಿತ್ತು. ನಿಂತದ್ದನ್ನು ಕಂಡವರೇ ಇಲ್ಲ. ಹಾಲು ಹುಳಿ ಬಂದ ಮೂರು ದಿನವೂ ಹೀಗೇ ಜೋರು ಮಳೆ.

ಸಾಲಿನಲ್ಲಿ ಮೊದಲನೆಯದು ಗಂಗಣ್ಣನವರ ಉದ್ದ ಕೋಟು. ಕೊನೆಯದು ನನ್ನದು. ಒಂದು ಗಳಿಗೆ, ನನ್ನದನ್ನು ಎಳೆದು ಬಚ್ಚಿಡೋಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಇದ್ದದ್ದು ಇದ್ದ ಹಾಗೇ ಮೊಬೈಲಿನಲ್ಲಿ ಫೋಟೊ ತೆಗೆದೆ. ಆಮೇಲೆ ಎಲ್ಲ ಕೋಟು ಇಳಿಸಿ ಹಗ್ಗ ಬಿಚ್ಚಿಹಾಕಿದೆ. ಮೆಷಿನ್ ಗುರ್ ಎಂದಿತು.

ಸೋಮವಾರದ ಮೀಟಿಂಗಿನಲ್ಲಿ ಫೈಲಿನ ಒಂದೊಂದು ಸಾಲನ್ನೂ ನಿಂತು ಓದಿದೆ. ಫೋಟೊ ತೋರಿಸಿದೆ. ಹಗ್ಗ ಬಿಚ್ಚಿದ ಮೇಲೆ ಸುರಿವ ಮಳೆಯಲ್ಲೂ ಹಾಲು ನಾಲ್ಕಕ್ಕೆ ಇಳಿದದ್ದನ್ನೂ ಓದಿದೆ.

“ಆಯ್ತು ಬುಡವ್ವ,” ಎಂದರು ಗಂಗಣ್ಣ. “ಗೊತ್ತಾಯ್ತಲ್ಲ. ನಿನ್ ಕೆಲ್ಸ ಎಲ್ಲೂ ಹೋಗಲ್ಲ. ಈ ವಿಷ್ಯ ಇಲ್ಗೇ ಬುಟ್ಬುಡಾನ.”

“ನನ್ ಹೆಸ್ರು ಪುಸ್ತಕದಾಗೆ ಹಂಗೇ ಇರ್ಲಿ ಅಂತೀರಾ?”

“ಅದನ್ನ ಹೊಡ್ದಾಕ್ಸಾನ.”

“ಹೊಡ್ದಾಕ್ಬ್ಯಾಡಿ. ಅದ್ರ ಕೆಳ್ಗೆ ನಿಜ ಏನು ಅಂತ ಬರ್ಸಿ. ಕೋಟು ಯಾರ್ಯಾರ್ದು ಅಂತ ಹೆಸ್ರೂ ಬರ್ಸಿ.”

“ಹನ್ನೆರಡೂ ಜನದ್ದಾ?” ಶಿವಪ್ರಕಾಶರ ದನಿ ಸಣ್ಣಗಾಯಿತು. ಅಲ್ಲಿ ಕೂತಿದ್ದ ನಿರ್ದೇಶಕರಲ್ಲಿ ಕೋಟು ನೇತುಹಾಕದವರು ಇಬ್ಬರೇ.

“ಹನ್ನೆರಡೂ. ಮೊದ್ಲು ನಂದು ಬರೀರಿ.”

ಅವರು ಬರೆದರು. ಬರೆದು ಪೆನ್ನೆತ್ತಿ ಅಧ್ಯಕ್ಷರ ಕಡೆ ನೋಡಿದರು. ಗಂಗಣ್ಣ ಫೋಟೊ ಇದ್ದ ಮೊಬೈಲನ್ನು ನನ್ನ ಕಡೆ ಸರಿಸಿದರು.

“ನಂದ್ ಬರ್ಕೊಳ್ಳಯ್ಯ,” ಎಂದರು ಕೊನೆಗೆ.

ಹನ್ನೆರಡನೆಯ ಹೆಸರು ಬರೆದು ಮುಗಿಸುವವರೆಗೆ ನಾನು ಕೂರಲಿಲ್ಲ.