ಅತ್ತೆ ಸೊಸೆಯ ವರಸೆ

ಬಟ್ಟೆ ಕೊಡಲು ಬಂದವರಿಗೆಲ್ಲ ಲಾಂಡ್ರಿಯಮ್ಮನ ಬಾಯಿಯ ಪರಿಚಯ ಚೆನ್ನಾಗಿತ್ತು. ಕಾಲರಿನ ಕೊಳೆ ಕಂಡರೆ, "ಕತ್ತು ತೊಳ್ಕೊಳ್ಳೋ ಅಭ್ಯಾಸ ಇಲ್ವೇನಪ್ಪ?" ಎನ್ನುವಳು. ಹರಿದ ಜೇಬು ಕಂಡರೆ, ಅದರೊಳಗೆ ಏನೇನು ತುರುಕುತ್ತೀರಿ ಎಂದು ವಿಚಾರಣೆಗೆ ನಿಲ್ಲುವಳು. ಒಳಗೆ ಇಸ್ತ್ರಿ ಪೆಟ್ಟಿಗೆ ಹಿಡಿದ ಯಜಮಾನರು, ಹೆಂಡತಿಗೆ ಕಾಣದ ಹಾಗೆ, ಕಣ್ಣಲ್ಲೇ ಗಿರಾಕಿಯ ಕ್ಷಮೆ ಕೇಳುತ್ತಿದ್ದರು. ಆದರೆ ಈ ಹೆಂಗಸಿಗೆ ದೊಣ್ಣೆವರಸೆ ಬರುತ್ತದೆ ಎಂಬುದು ಆ ಬೀದಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಅವಳ ಅಪ್ಪ ಕಲಿಸಿದ್ದ ವಿದ್ಯೆ ಅದು. ಆಳೆತ್ತರದ ಬಿದಿರು ಕೋಲನ್ನು ಸುತ್ತಿ ಬೀಸುತ್ತ, ಎದುರಾಳಿಯ ಏಟು ತಡೆಯುತ್ತ, ಸಂದು ಸಿಕ್ಕಲ್ಲಿ ಮೈ ಮುಟ್ಟಬೇಕು. ಮುಟ್ಟುವುದೇ ಮುಖ್ಯ, ಮುರಿಯುವುದಲ್ಲ. ಕೋಲು ಹಿಡಿದು ಬಸ್ಸು ಹತ್ತಿದಾಗ ಆ ಅಪ್ಪನನ್ನು ಕಂಡಕ್ಟರು ಪುಂಡ ಎಂದು ಇಳಿಸಿದ್ದೂ ಉಂಟು. ಮದುವೆಯಾಗಿ ಬರುವಾಗ ಅವಳು ತಂದ ಕೋಲು ತಾರಸಿಯ ಮೇಲೆ ಬಟ್ಟೆ ಒಣಹಾಕುವ ಗಳವಾಗಿ, ಅಲ್ಲೇ ಬಿಸಿಲು ಕಾಯುತ್ತ ಉಳಿದುಬಿಟ್ಟಿತ್ತು.

ಅದನ್ನು ಅಲ್ಲಿಂದ ಕಿತ್ತವಳು ಸೊಸೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಮಾತು ಕಡಿಮೆ ನಗು ಜಾಸ್ತಿಯ ಹುಡುಗಿ. ಮದುವೆಯಾದ ಹೊಸತರಲ್ಲಿ ಒಂದು ಕೋತಿ ಗಿರಾಕಿಯೊಬ್ಬರ ಹೊದಿಕೆ ಎಳೆದುಕೊಂಡು ಹೊರಟಾಗ, ಅವಳು ಗಳ ಸೆಳೆದು ಅದರ ಮೇಲೆ ಬೀಸಿದಳು. ಕೋತಿ ಹೊದಿಕೆ ಬಿಟ್ಟು ಓಡಿತು. ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ.

"ಹಾಗಾ ಹಿಡಿಯೋದು? ಅದೇನು ಪೊರಕೇನಾ? ಕೊಡಿಲ್ಲಿ!"

ಕೋಲು ಅವಳ ಕೈಯಲ್ಲಿ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು, ಆಮೇಲೆ ಕೋಲೇ ಕಾಣಲಿಲ್ಲ. ಬರೀ ಗಾಳಿಯ ಸದ್ದು. ಸೊಸೆ ಬಾಯಿ ಬಿಟ್ಟುಕೊಂಡು ನೋಡಿದಳು. "ಅತ್ತೆ, ನನಗೂ ಹೇಳಿಕೊಡ್ತೀರಾ?" ಎಂದಳು.

ಅಂದಿನಿಂದ ಸಂಜೆಯಾದರೆ ತಾರಸಿಯಲ್ಲಿ ಟಕಟಕ ಶುರು. ಅತ್ತೆ ಸೊಸೆ ಬಡಿದಾಡುತ್ತಿದ್ದಾರೆಂದು ಎದುರುಮನೆಯಾಕೆ ರಾಜಿ ಮಾಡಿಸಲು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. "ಹೌದು, ಬಡಿದಾಡ್ತಾ ಇದೀವಿ. ಕೂತ್ಕೊಂಡು ನೋಡಿ," ಎಂದು ಲಾಂಡ್ರಿಯಮ್ಮ ಅವಳಿಗೊಂದು ಸ್ಟೂಲು ಎಳೆದುಕೊಟ್ಟಳು. ಮುಂಗೈಯ ಬಾಸುಂಡೆಯನ್ನು ಗಿರಾಕಿಗಳಿಗೆ ತೋರಿಸಿ, "ನನ್ನ ಸೊಸೆ ಹೊಡೆದದ್ದು!" ಎಂದು ಹಿಗ್ಗುವಳು. ಮಗನಿಗೆ ಇದೊಂದೂ ತಲೆಗೆ ಹತ್ತದು. ಹೆಂಡತಿಗೂ ತಾಯಿಗೂ ಒಂದೇ ಡಬ್ಬಿಯಿಂದ ಮುಲಾಮು ಹಚ್ಚುವುದಷ್ಟೇ ಅವನ ಪಾಲಿನ ಕೆಲಸ.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ಯಜಮಾನರು ಪೇಪರಿನಿಂದ ತಲೆಯೆತ್ತಿದರು. "ಕೇಳಿದ್ಯೇನೇ? ಸರ್ಕಾರ ದೊಣ್ಣೆವರಸೇನ ಕ್ರೀಡೆ ಅಂತ ಒಪ್ಪಿಕೊಂಡಿದೆಯಂತೆ. ಪಂದ್ಯ, ಪದಕ ಎಲ್ಲ ಉಂಟಂತೆ."

"ಇಷ್ಟು ದಿನ ಅದೇನು ಪಾತ್ರೆ ತೊಳೆಯೋ ಕೆಲಸ ಅಂದ್ಕೊಂಡಿದ್ರಂತಾ?" ಎಂದು ಅವಳು ಮೂಗು ಮುರಿದಳು. ಆದರೆ ಯಜಮಾನರು ಒಳಗೆ ಹೋದದ್ದೇ ತಡ, ಕನ್ನಡಕ ಹುಡುಕಿ ತಾನೇ ಓದಿದಳು. ಅಪ್ಪ ಇರಬೇಕಿತ್ತು ಅನ್ನಿಸಿತು. ಕಣ್ಣು ತುಂಬಿ ಬಂದದ್ದಕ್ಕೆ ಸೋಪಿನ ಪುಡಿಯನ್ನು ಬೈದುಕೊಂಡಳು.

ಸ್ವಲ್ಪ ದಿನಕ್ಕೆ ಹೊಸ ಸಂಘದ ಕಾರ್ಯದರ್ಶಿ ಅಂಗಡಿಗೇ ಬಂದರು. ಸೊಸೆ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ಕಲಿಸಿದವರು ಯಾರು ಎಂದು ಅವರು ಕೇಳಿದಾಗ ಪಕ್ಕದಲ್ಲೇ ಇದ್ದ ಅತ್ತೆಯನ್ನು ತೋರಿಸಿದಳು.

"ಅಮ್ಮ, ನಮಗೆ ತೀರ್ಪುಗಾರರು ಸಾಲದು. ನೀವು ಬರಬೇಕು," ಎಂದರು ಅವರು. "ಅಂದ ಹಾಗೆ, ನಿಮಗಿಬ್ಬರಿಗೂ ಏನು ವರಸೆ?"

"ದೊಣ್ಣೆವರಸೆ," ಎಂದಳು ಲಾಂಡ್ರಿಯಮ್ಮ.

"ಅದಲ್ಲಮ್ಮ, ಸಂಬಂಧದ ವರಸೆ!"

"ಓ, ಅದಾ? ಅತ್ತೆ ಸೊಸೆ."

ಕಾರ್ಯದರ್ಶಿಗಳು ಅವಳ ಮುಂಗೈ ನೋಡಿದರು, ಸೊಸೆಯ ಮುಂಗೈ ನೋಡಿದರು, ಮುಂದೆ ಕೇಳುವ ಧೈರ್ಯ ಮಾಡಲಿಲ್ಲ. ಸೊಸೆಯ ಪಂದ್ಯಕ್ಕೆ ಮಾತ್ರ ನೀವು ತೀರ್ಪು ಕೊಡುವ ಹಾಗಿಲ್ಲ ಎಂದಷ್ಟೇ ಹೇಳಿದರು.

ತೀರ್ಪುಗಾರರ ತರಬೇತಿಯಲ್ಲಿ ಲಾಂಡ್ರಿಯಮ್ಮನಿಗೆ ಮಂಗಳಾರತಿಯಾಯಿತು. ಕಲಿಸುತ್ತಿದ್ದವಳು ಸೊಸೆಯ ವಯಸ್ಸಿನ ಮೇಡಂ. ನಿಯಮ ಸರಳ: ಕೋಲು ಮೈಗೆ ಮುಟ್ಟಿದರೆ, ಮುಟ್ಟಿಸಿದವಳ ಬಣ್ಣದ ಬಾವುಟ, ಕೆಂಪೋ ನೀಲಿಯೋ, ಎತ್ತಬೇಕು, ಬಾಯಿ ತೆರೆಯಬಾರದು. ಮಾದರಿ ಪಂದ್ಯ ಆಡುತ್ತಿದ್ದ ಹುಡುಗಿಯನ್ನು ಕಂಡು ಲಾಂಡ್ರಿಯಮ್ಮ ಬಾವುಟ ಮರೆತು, "ಮಂಡಿ ಬಗ್ಗಿಸೇ ಹುಡುಗಿ! ಕಂಬದ ಹಾಗೆ ನಿಂತ್ರೆ ಆಗುತ್ತಾ?" ಎಂದು ಕೂಗಿಬಿಟ್ಟಳು. ಮುಂದಿನ ಸುತ್ತಿನಲ್ಲಿ ಒಬ್ಬಳ ಒರಟು ಏಟು ಎದುರಾಳಿಯ ಭುಜ ಮುಟ್ಟಿದಾಗ ಬಾವುಟ ಎತ್ತಲೇ ಇಲ್ಲ.

"ಯಾಕಮ್ಮ ಎತ್ತಲಿಲ್ಲ?" ಎಂದರು ಮೇಡಂ.

"ಅದೂ ಒಂದು ಏಟಾ? ನೊಣ ಓಡಿಸಿದ ಹಾಗಿತ್ತು."

"ಅಮ್ಮ, ಚಂದ ಇದೆಯಾ ಅಂತ ನೋಡೋದು ಗುರುಗಳ ಕೆಲಸ. ಮುಟ್ಟಿತಾ ಅಂತ ನೋಡೋದು ನಮ್ಮ ಕೆಲಸ. ಆ ಹುಡುಗೀನೂ ಬೆವರು ಸುರಿಸಿಯೇ ಬಂದಿದಾಳಲ್ವಾ?"

ಲಾಂಡ್ರಿಯಮ್ಮ ಮುಖ ಊದಿಸಿಕೊಂಡು ಮನೆಗೆ ಬಂದಳು. ಇಡೀ ದಿನ ಯಾರ ಅಂಗಿಯ ಬಗ್ಗೆಯೂ ಟೀಕೆಯಿಲ್ಲ. ಸಂಜೆ ಹೊತ್ತಿಗೆ ಯಜಮಾನರಿಗೇ ಗಾಬರಿಯಾಗಿ, "ಮೈ ಹುಷಾರಿಲ್ವಾ?" ಎಂದರು.

"ಆ ಮೇಡಂ ಹೇಳಿದ್ದು ಸರಿ ಕಣ್ರೀ," ಎಂದಳು. "ಅದಕ್ಕೇ ಹೊಟ್ಟೆ ಉರೀತಿದೆ. ನನಗೆ ಸುಮ್ಮನೆ ನೋಡೋದೇ ಬರಲ್ಲ."

ಅಭ್ಯಾಸದ ಉಪಾಯ ಹೂಡಿದವರು ಯಜಮಾನರೇ. ಗಿರಾಕಿಗಳು ಒಯ್ಯದೆ ಬಿಟ್ಟ ಬಟ್ಟೆಗಳಿಂದ ಒಂದು ಕೆಂಪು, ಒಂದು ನೀಲಿ ಕರವಸ್ತ್ರ ಆರಿಸಿ ಹೆಂಡತಿಯ ಎರಡೂ ಕೈಗೆ ಕೊಟ್ಟು, ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರು. ಒಳಗೆ ಸೊಸೆ. ಸರಿ ಕಂಡರೆ ನೀಲಿ, ತಪ್ಪು ಕಂಡರೆ ಕೆಂಪು. ಬಾಯಿ ಮಾತ್ರ ಬಂದ್. ಸೊಸೆ ಈರುಳ್ಳಿ ಹೆಚ್ಚಿದ ರೀತಿಗೆ ಕೆಂಪು ಎದ್ದಿತು. ಉಪ್ಪು ಹಾಕಿದ ರೀತಿಗೆ ತಡೆದು ತಡೆದು ನೀಲಿ ಎದ್ದಿತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಬ್ಬತೊಡಗಿತು. ಸೊಸೆ ಬೆನ್ನು ಹಾಕಿ ನಿಂತಿದ್ದಳು. ಅತ್ತೆಯ ಕಣ್ಣು ಹಾಲಿನ ಜೊತೆಗೇ ಅಗಲವಾಯಿತು, ಕತ್ತಿನ ನರ ಉಬ್ಬಿತು, ಕುರ್ಚಿ ಕಿರುಗುಟ್ಟಿತು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಕೆಂಪು ಕರವಸ್ತ್ರ ಚಾವಣಿಯತ್ತ ಚಾಚಿತು. ಬಾಯಿಂದ ಒಂದಕ್ಷರ ಹೊರಡಲಿಲ್ಲ.

ತಿರುಗಿ ನೋಡಿದ ಸೊಸೆ ಒಲೆ ಆರಿಸುವುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಾಸ್ ಅತ್ತೆ, ನೀವು ಪಾಸ್!" ಎಂದಳು. ಮುಂದಿನ ವಾರ ಮೇಡಂ ಕೂಡ ಅದನ್ನೇ ಹೇಳಿದರು.

ಪಂದ್ಯದ ದಿನ ದೊಡ್ಡ ಒಳಾಂಗಣದಲ್ಲಿ ಎರಡು ವೃತ್ತ ಬರೆದಿದ್ದರು. ಹೊಸ ಬಣ್ಣದ ವಾಸನೆ, ಮೈಕಿನ ಗೊರಗೊರ, ತಲೆಗೆ ಶಿರಸ್ತ್ರಾಣ ಕಟ್ಟಿಕೊಂಡ ಹೆಣ್ಣುಮಕ್ಕಳ ಸಾಲು. ಬಿಳಿ ಅಂಗಿ ತೊಟ್ಟ ಲಾಂಡ್ರಿಯಮ್ಮನಿಗೆ ಮೊದಲನೆಯ ವೃತ್ತ ಸಿಕ್ಕಿತು. ಅವಳ ಅಂಗಿಗಿದ್ದಂಥ ಇಸ್ತ್ರಿ ಬೇರೆ ಯಾರ ಅಂಗಿಗೂ ಇರಲಿಲ್ಲ. ಬೆಳಗಿನಿಂದ ಬಾವುಟ ಎತ್ತಿ ಇಳಿಸಿ ತೋಳು ಸೋತರೂ ಮನಸ್ಸು ಹಗುರವಾಗಿತ್ತು. ಎಲ್ಲೆಲ್ಲಿಂದಲೋ ಬಂದ ಹುಡುಗಿಯರು, ಒಬ್ಬೊಬ್ಬರ ಹೆಜ್ಜೆಯಲ್ಲಿ ಒಬ್ಬೊಬ್ಬ ಗುರುವಿನ ಗುರುತು. ಇಷ್ಟೊಂದು ಜನಕ್ಕೆ ಇದು ಬರುತ್ತಿತ್ತೇ ಎಂದು ಅವಳಿಗೆ ಆಶ್ಚರ್ಯ.

ಸೊಸೆ ಗೆಲ್ಲುತ್ತ ಗೆಲ್ಲುತ್ತ ಕೊನೆಯ ಪಂದ್ಯ ಮುಟ್ಟಿದಳು. ಅದು ನಡೆದದ್ದು ಎರಡನೆಯ ವೃತ್ತದಲ್ಲಿ, ಸರಿಯಾಗಿ ಅತ್ತೆಯ ಬೆನ್ನ ಹಿಂದೆ. ಅದೇ ಹೊತ್ತಿಗೆ ಅವಳ ಮುಂದೆ ಎಳೆಯ ಹುಡುಗಿಯರ ಪಂದ್ಯ ಶುರುವಾಗಿತ್ತು.

ಹಿಂದೆ ಕೋಲಿಗೆ ಕೋಲು ತಾಗಿತು. ಲಾಂಡ್ರಿಯಮ್ಮನ ಕಿವಿ ನೆಟ್ಟಗಾಯಿತು. ಗಟ್ಟಿ ಸದ್ದು ಸೊಸೆಯದು. ನಡುವೆ ಇನ್ನೊಂದು ಸದ್ದು, ಎಂದೂ ಕೇಳದ್ದು, ಕೋಲು ಜಾರಿ ಬಂದ ಹಾಗೆ. ಜನ ಹೋ ಎಂದರು. ಬೆನ್ನು ತುರಿಸಿದಂತಾಯಿತು. ಒಂದೇ ಒಂದು ಸಲ ಕತ್ತು ತಿರುಗಿಸಿದರೆ ಸಾಕಿತ್ತು. ಎದುರಿನ ಗಿಡ್ಡ ಹುಡುಗಿ ಆಗ ಕೋಲೆತ್ತಿದಳು. ಅವಳ ಕಣ್ಣಲ್ಲಿ ಪ್ರಪಂಚವೆಲ್ಲ ಆ ವೃತ್ತದಷ್ಟೇ ಇತ್ತು. ಹಿಂದೆ ಕೋಲೊಂದು ನೆಲಕ್ಕೆ ಬಿದ್ದು ಉರುಳಿತು. ಯಾರದು? ಅದೇ ಕ್ಷಣ ಗಿಡ್ಡಿಯ ಕೋಲಿನ ತುದಿ ಎದುರಾಳಿಯ ಕಣಕಾಲನ್ನು ಹೂವಿನ ಹಾಗೆ ಸವರಿತು. ಚಂದವೇನೂ ಇರಲಿಲ್ಲ, ಆದರೆ ಮುಟ್ಟಿತ್ತು. ನೀಲಿ ಬಾವುಟ ಮೇಲೆದ್ದಿತು. ಆ ಒಂದು ಅಂಕದಿಂದ ಗೆದ್ದ ಹುಡುಗಿ ಅಲ್ಲೇ ಕುಣಿದಾಡಿದಳು.

ತನ್ನ ಪಂದ್ಯ ಮುಗಿಸಿ ಲಾಂಡ್ರಿಯಮ್ಮ ತಿರುಗಿದಾಗ ಎರಡನೆಯ ವೃತ್ತ ಖಾಲಿ. ಹೊರಗಿನ ಮೊಗಸಾಲೆಯಲ್ಲಿ ಸೊಸೆ ಮಣಿಕಟ್ಟಿಗೆ ಐಸಿನ ಚೀಲ ಒತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮಾವ, ಗಂಡ. ಮುಖದಲ್ಲಿ ಎಂದಿನ ನಗು.

"ಸೋತೆ ಅತ್ತೆ. ಎರಡನೇ ಸ್ಥಾನ. ನೋಡಿದ್ರಾ?"

"ಇಲ್ಲ ಕಣೇ. ನನ್ನ ಮುಂದೆ ಮಕ್ಕಳಿದ್ರು."

"ಗೊತ್ತಿತ್ತು. ನೀವು ತಿರುಗಿದ್ರೆ ನಾನೇ ಬೈತಿದ್ದೆ." ಸೊಸೆ ಐಸಿನ ಚೀಲ ಬದಲಿಸಿಕೊಂಡಳು. "ಆದ್ರೆ ಆ ಏಟು ಮಾತ್ರ ನೀವು ನೋಡಬೇಕಿತ್ತು. ಎಲ್ಲಿಂದ ಬಂತೋ! ಕೋಲು ಕೈಯಲ್ಲಿತ್ತು, ಇಲ್ಲವಾಯ್ತು."

ಅಷ್ಟರಲ್ಲಿ ಗೆದ್ದವಳೇ ಸೊಸೆಯ ಕೈ ಹೇಗಿದೆ ಎಂದು ವಿಚಾರಿಸಲು ಬಂದಳು. ಬೇರೆ ಊರಿನ ಅಂಚೆ ಕಚೇರಿಯವಳಂತೆ, ಮೂವತ್ತರ ಆಸುಪಾಸು. ಲಾಂಡ್ರಿಯಮ್ಮ ಅವಳನ್ನು ಕೂರಲೂ ಬಿಡಲಿಲ್ಲ.

"ಆ ಏಟು ಯಾವುದಮ್ಮ? ನನಗೆ ತೋರಿಸು."

"ಅಯ್ಯೋ, ನೀವು ತೀರ್ಪುಗಾರರು..."

"ಡ್ಯೂಟಿ ಮುಗೀತು." ಸೊಸೆಯ ಕಡೆ ಕೈ ಚಾಚಿದಳು. "ಕೋಲು ಕೊಡೇ ಇಲ್ಲಿ. ಹೂಂ, ಬಾ."

ಅಂಚೆಯವಳು ಹಿಂದೆಮುಂದೆ ನೋಡಿ ಕೊನೆಗೆ ಕೋಲೆತ್ತಿದಳು. ಬೀಸಿದಂತೆ ಮಾಡಿ, ನಡುವೆ ಕೈ ಸಡಿಲಿಸಿ, ಕೋಲನ್ನು ಕೋಲಿನ ಮೇಲೇ ಜಾರಿಸಿದಳು. ಲಾಂಡ್ರಿಯಮ್ಮನ ಕೋಲು ಟಣ್ಣನೆ ಹಾರಿ ಯಜಮಾನರ ಕಾಲಬುಡದಲ್ಲಿ ಬಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೊಸೆ.

ಲಾಂಡ್ರಿಯಮ್ಮ ತನ್ನ ಬರಿಗೈ ನೋಡಿಕೊಂಡಳು. ಅಪ್ಪನಿಗೂ ಗೊತ್ತಿರದ ಏಟು! ಈ ವಯಸ್ಸಿನಲ್ಲಿ ಹೊಸದೊಂದು ಸಿಕ್ಕಿತಲ್ಲ ಎಂದು ಮೈಯೆಲ್ಲ ಜುಮ್ಮೆಂದಿತು.

"ಕತ್ತಲಾಗ್ತಾ ಬಂತು, ಹೊರಡೋಣ್ವೇನೇ?" ಎಂದರು ಯಜಮಾನರು.

"ನೀವು ಹೋಗಿ ಎಲ್ಲರಿಗೂ ಟೀ ತನ್ನಿ," ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸುವ ಹಾಗೆ ಅಂಗಿಯ ತೋಳು ಮಡಚಿದಳು. ಕೋಲನ್ನು ಎತ್ತಿಕೊಂಡು ಅಂಚೆಯವಳ ಮುಂದೆ ಕಾಲೂರಿ ನಿಂತಳು. "ಇನ್ನೊಂದು ಸಲ ಹೊಡಿಯಮ್ಮ. ಸ್ವಲ್ಪ ನಿಧಾನಕ್ಕೆ."