ಗುಬ್ಬಿಯಲ್ಲಿ ಬಾಯಿಗೆ ಬಂದ ಹೆಸರು

ಸ್ಪಂಜು ತಣ್ಣಗಿದೆ, ಕೆನ್ನೆಯ ಮೇಲೆ ಎರಡನೇ ಸಲ ಬಣ್ಣ ಒತ್ತುತ್ತಾ ಮೇಕಪ್ಪಿನ ಬೀರಯ್ಯ, ಬೆವರ್ತಾ ಇದೀರ ಕಣಕ್ಕ, ನಿಲ್ತಾನೇ ಇಲ್ಲ ಇದು ಅನ್ನುತ್ತಾನೆ, ಕುಣಿಗಲ್ಲಿನ ಈ ಸ್ಕೂಲಿನ ಕೊಠಡಿಗೆ ಒಂದೇ ಕಿಟಕಿ, ಆಚೆ ಶಾಮಿಯಾನದಲ್ಲಿ ಕುರ್ಚಿ ಎಳೆಯುವ ಸದ್ದು, ಮೂರೂವರೆಗೆ ನಾಟಕ, ಹೋದ ತಿಂಗಳು ಗುಬ್ಬಿಯಲ್ಲೂ ಇದೇ ಹೊತ್ತು — ನಾಟಕ ಬರೆದು ಆಡಿಸುವ ಅನಂತರಾಜು ಮೇಷ್ಟ್ರು ಬಾಗಿಲಲ್ಲಿ ಇಣುಕಿ, ಗಂಗಾ, ಗುಬ್ಬೀಲಿ ಹೇಳ್ದಂಗೇ ಹೇಳಮ್ಮ, ಅದೇ ಹೆಸ್ರು, ಬದಲಾಯಿಸ್ಬೇಡ, ಜನ ಎದ್ದು ಚಪ್ಪಾಳೆ ಹೊಡೆದ್ರಲ್ಲ. ಅದೇ ಹೆಸರು. ಅವರು ಬರೆದದ್ದರಲ್ಲಿ ಅಣ್ಣನ ಹೆಸರು ಮಹೇಶ, ಅವನಿಗೆ ಏಡ್ಸ್ ಇರುವುದನ್ನು ಮುಚ್ಚಿಟ್ಟು ಮನೆಯವರು ಮದುವೆ ಮಾಡುತ್ತಾರೆ, ಕೊನೆಗೆ ತಂಗಿ ಎಲ್ಲರೆದುರು ನಿಂತು, ಮಹೇಶನ ಕಾಯಿಲೆ ನಮಗೆ ಮೊದಲೇ ಗೊತ್ತಿತ್ತು ಅನ್ನಬೇಕು, ತಂಗಿ ನಾನು, ಆದರೆ ಗುಬ್ಬಿಯಲ್ಲಿ ನನ್ನ ಬಾಯಿಗೆ ಬಂದದ್ದು ಬೆಟ್ಟಸ್ವಾಮಿ, ನನ್ನ ಸ್ವಂತ ಅಣ್ಣ, ಲಾರಿ ಓಡಿಸುತ್ತಿದ್ದವನು, ತೀರಿಕೊಂಡು ನಾಲ್ಕು ವರ್ಷ, ಜಾಂಡೀಸು ಅಂತ ನಮ್ಮ ಬೀದಿಗೆ, ಉಪ್ಪಾರಹಳ್ಳಿಗೆಲ್ಲ ಹೇಳಿದವರು ನಾವೇ.

ಅವತ್ತು ಗುಬ್ಬಿಯಲ್ಲಿ ಮೊದಲ ಸಾಲಿನಲ್ಲಿ ಅಪ್ಪ, ಇಸ್ತ್ರಿಯ ಬಿಳಿ ಅಂಗಿ, ಮಗಳ ನಾಟಕವೆಂದು ತುಮಕೂರಿನಿಂದ ಬಸ್ಸು ಹತ್ತಿ ಬಂದಿದ್ದರು, ಬೆಂಗಳೂರಿನಿಂದ ಅಣ್ಣನ ರಕ್ತದ ರಿಪೋರ್ಟು ಬಂದ ದಿನವೂ ಬಿಳಿ ಅಂಗಿಯೇ, ಅವನ ಮದುವೆಗೆ ಹನ್ನೆರಡು ದಿನವಿತ್ತು, ಅಪ್ಪನಿಗೆ ಇಂಗ್ಲಿಷ್ ಬಾರದು, ಓದಿ ಹೇಳಿದವಳು ನಾನು, ಇನ್ನೊಂದ್ಸಲ ಓದು ಅಂದರು, ಓದಿದೆ, ಕಾಗದವನ್ನು ಸಣ್ಣಗೆ ಮಡಚಿ ಜೇಬಿಗಿಟ್ಟು, ಕಾರ್ಡ್ ಹಂಚಾಗೈತೆ, ಆಸ್ಪತ್ರೆಯೋರು ಎಷ್ಟೋ ತಪ್ ಬರೀತಾರೆ, ನೀನಿದನ್ನ ಓದೇ ಇಲ್ಲ ಕಣೇ. ನಾನು ಓದೇ ಇಲ್ಲ. ಅತ್ತಿಗೆ ಬಂದಳು, ನಿಟ್ಟೂರಿನ ಲಕ್ಷ್ಮೀದೇವಮ್ಮ, ಇಪ್ಪತ್ತು ವರ್ಷ, ಬಂದ ವಾರವೇ ನನಗೆ ಜಡೆ ಹಾಕುತ್ತಾ, ನಿಮ್ಮಣ್ಣ ಯಾಕೆ ಗಂಗಾ ಇಷ್ಟು ಸಣ್ಣ ಆಗ್ತಾವ್ರೆ ಅಂತ ಕೇಳಿದಳು, ಲಾರಿ ಊಟ ಅಂದೆ, ಎಷ್ಟು ಸಲೀಸಾಗಿ ಅಂದೆ, ಅಣ್ಣ ಹೋದ ಮೇಲೆ ಅವಳ ರಕ್ತದಲ್ಲೂ ಅದೇ ಬಂತು, ಅವಳನ್ನು ಕರೆದೊಯ್ಯಲು ಬಂದ ಅವಳಪ್ಪನೆದುರು ನಮ್ಮಪ್ಪ ನಡುಮನೆಯಲ್ಲಿ ನಿಂತು, ನಿಮ್ಮುಡ್ಗೀನೇ ತಂದಿದ್ದು, ನಮ್ಮುಡ್ಗ ಕಲ್ಲಿದ್ದಂಗಿದ್ದ, ಅಲ್ವೇನೇ ಗಂಗಾ — ನಾನು ತಲೆಯಾಡಿಸಿದೆ.

ಗುಬ್ಬಿಯಲ್ಲಿ ಪರದೆ ಬಿದ್ದ ಮೇಲೆ ಅಪ್ಪ ಒಳಗೆ ಬಂದರು, ಚೆನ್ನಾಗ್ ಮಾಡ್ದೆ, ಒಂದ್ಕಡೆ ಮಾತ್ರ ಹೆಸ್ರು ತಪ್ತು. ತಪ್ಪಲಿಲ್ಲಪ್ಪ ಅಂದೆ. ತಪ್ತು ಕಣೇ, ಬಾಯ್ ತಪ್ತು, ಎಲ್ರಿಗೂ ಆಯ್ತದೆ ಬುಡು, ಅಂದು ಬಣ್ಣ ಒರೆಸಿಕೊಳ್ಳಲು ತಾವೇ ಟವೆಲು ಕೊಟ್ಟರು, ಆಮೇಲೆ ಇವತ್ತಿನವರೆಗೆ ಆ ಮಾತಿಲ್ಲ, ಊಟ ಆಯ್ತಾ, ಗ್ಯಾಸ್ ಬಂತಾ, ಅಷ್ಟೇ.

ಬೀರಯ್ಯ ಹುಬ್ಬು ತೀಡುತ್ತಾ, ಅಕ್ಕ, ನಿಟ್ಟೂರಿಂದ ಯಾರೋ ಒಬ್ರು ಬಂದವ್ರೆ, ಗುಬ್ಬೀಲಿ ಹೇಳಿದ್ ಆ ಮಾತ್ನ ಇಲ್ಲೂ ಗಂಗಾಂಬಿಕೆನೇ ಹೇಳ್ತಾರಂತಾ, ನಿಜಾನಾ ಅಂತ ಕೇಳಿದ್ರು, ಕೊನೇ ಸಾಲಲ್ಲಿ ಕೂತವ್ರೆ. ಕಿಟಕಿ. ಅವಳೇ, ಅತ್ತಿಗೆ, ಕತ್ತಿನ ಮೂಳೆ ಇಲ್ಲಿಂದಲೇ ಕಾಣುತ್ತದೆ, ಪಕ್ಕದ ಎರಡು ಕುರ್ಚಿ ಖಾಲಿ. ಹೇಳುತ್ತೇನೆ, ಇವತ್ತು ಬಾಯಿತಪ್ಪಿ ಅಲ್ಲ, ಬೇಕೆಂದೇ, ಅಣ್ಣನ ಹೆಸರು, ಅಪ್ಪ ಗುರುಸಿದ್ದಯ್ಯನ ಹೆಸರು, ಹನ್ನೆರಡು ದಿನ, ನಾನು ತಲೆಯಾಡಿಸಿದ್ದು, ಜನ ನಾಟಕ ಅಂದುಕೊಳ್ಳಲಿ, ಅವಳಿಗೆ ತಿಳಿಯುತ್ತದಲ್ಲ, ಎಲ್ಲ ಹೇಳುತ್ತೇನೆ, ಎಲ್ಲ — ಆದರೆ ಅದೊಂದು, ದಿನವೂ ಪಾತ್ರೆ ಮುಟ್ಟಿದಾಗ ಎದುರಿಗೆ ಬರುವುದು, ಅಪ್ಪ ಮಾಡಿಸಿದ್ದಲ್ಲ ಅದು, ಯಾರೂ ಹೇಳಿರಲಿಲ್ಲ, ಅವಳ ರಿಪೋರ್ಟು ಬಂದ ಸಂಜೆ ಅವಳ ಊಟದ ತಟ್ಟೆ ನಮ್ಮವುಗಳೊಂದಿಗೆ ಬೆರೆಯದಿರಲೆಂದು ತಳಕ್ಕೆ ನನ್ನ ಉಗುರುಬಣ್ಣದಲ್ಲಿ ಚುಕ್ಕೆ ಇಟ್ಟೆ, ಒಣಗಲೆಂದು ಊದಿದೆ ಕೂಡ, ಹೊರಡುವ ಬೆಳಿಗ್ಗೆ ಅವಳು ಅದನ್ನು ತೊಳೆದು, ಕವುಚಿ ನೋಡಿ, ಸೆರಗಿನಲ್ಲಿ ಒರೆಸಿ, ಇದು ನಂದಲ್ವಾ ಗಂಗಾ, ತಗೊಂಡೋಗ್ಲಾ — ಗಂಗಾ, ಬೆಲ್ ಆಯ್ತು, ಮೇಷ್ಟ್ರ ಧ್ವನಿ, ಏಳಬೇಕು, ಅವಳ ಒದ್ದೆ ಬೆರಳು, ಸ್ಟೀಲಿನ ತಳ, ಕೆಂಪು ಚುಕ್ಕೆ, ಅದರ ಸುತ್ತ ಉಜ್ಜುತ್ತಿರುವ ಬೆರಳು, ಹೋಗದ ಕೆಂಪು ಚುಕ್ಕೆ —