ಇಪ್ಪತ್ತನೆಯ ಚೀಟಿ

"ಕೊನೇ ಚೀಟೀನ ನೀವು ಎತ್ತಬ್ಯಾಡಿ ಸಾ! ನಮ್ಮಲ್ಲೇ ಒಬ್ರು ಎತ್ತಲಿ!"

ಹಿಂದಿನ ಸಾಲಿನಿಂದ ಎದ್ದ ಕೂಗಿಗೆ ಹತ್ತಾರು ದನಿಗಳು ಸೇರಿಕೊಂಡವು. ಡಬ್ಬದೊಳಗೆ ಕೈ ಇಳಿಸಿದ್ದ ಗುಮಾಸ್ತರು ಅಧಿಕಾರಿ ರುದ್ರಸ್ವಾಮಿಯವರ ಮುಖ ನೋಡಿ ಕೈ ಹೊರಗೆ ತೆಗೆದರು.

ಕೊಳ್ಳೇಗಾಲದ ತರಬೇತಿ ಕೇಂದ್ರದ ಆ ಕೋಣೆಯಲ್ಲಿ ಬೆಳಿಗ್ಗೆಯಿಂದ ಅರವತ್ಮೂರು ಮಂದಿ ನಿಂತಿದ್ದರು. ಮೋಟಾರ್ ರಿಪೇರಿ ಮತ್ತು ವೈರಿಂಗ್, ಮೂರು ತಿಂಗಳು. ಊಟ, ವಸತಿ, ಕೈಗಿಷ್ಟು ಭತ್ಯೆ. ಹೋದ ವರ್ಷ ನಲವತ್ತು ಸೀಟುಗಳಿದ್ದವು. ಈ ಸಲ ಅನುದಾನ ಕಡಿಮೆ, ಇಪ್ಪತ್ತೇ ಎಂದು ರುದ್ರಸ್ವಾಮಿ ಹೇಳಿದಾಗ ಯಳಂದೂರಿನವನೊಬ್ಬ ಕಿಟಕಿಯಾಚೆ ಕೈ ತೋರಿಸಿದ್ದ.

"ಆ ಗ್ರಾನೈಟ್ ಗೇಟ್‌ಗೆ ದುಡ್ಡಿತ್ತಲ್ಲಾ ಸಾ?"

"ಅದು ಕಟ್ಟಡದ ಹಣ ಕಣಪ್ಪ, ಇದು ತರಬೇತಿ ಹಣ. ಅದನ್ನ ಇದಕ್ಕೆ ಹಾಕೋಕಾಗಲ್ಲ," ಎಂದಿದ್ದರು ಅವರು, ಅವನ ಮುಖ ನೋಡದೆ. ಬಂದವರೆಲ್ಲ ಅರ್ಹರೇ ಆದ್ದರಿಂದ ಚೀಟಿ ಎತ್ತುವುದೆಂದಾಯಿತು. ಹತ್ತೊಂಬತ್ತು ಹೆಸರು ಬಂದಿದ್ದವು. ಹೆಸರು ಬಂದವರು ಗೋಡೆಯ ಪಕ್ಕ ಬೇರೆಯಾಗಿ ನಿಂತಿದ್ದರು.

"ಪುಷ್ಪ, ನೀನು ಮುಂದಗಡೆ ಇದ್ದೀಯಲ್ಲ. ಓಗು, ನೀನೇ ಎತ್ತು," ಎಂದ ಮಾದೇಶ್.

ಹೂಗ್ಯಂನಲ್ಲಿ ಅವರಿಬ್ಬರದೂ ಅಕ್ಕಪಕ್ಕದ ಮನೆ. ತಿರುಪ್ಪೂರಿನ ಒಂದೇ ಗಾರ್ಮೆಂಟ್ಸಿನಲ್ಲಿ ದುಡಿದಿದ್ದರು. ಆರ್ಡರ್ ಇಲ್ಲವೆಂದು ಒಂದೇ ವಾರ ಇಬ್ಬರನ್ನೂ ಮನೆಗೆ ಕಳಿಸಿದ್ದರು. ಈ ತರಬೇತಿಯ ಸುದ್ದಿ ತಂದವನು, ಅವಳ ಅರ್ಜಿಯನ್ನೂ ತುಂಬಿದವನು ಮಾದೇಶನೇ. ಅವನ ಹೆಂಡತಿಗೆ ಈಗ ಏಳು ತಿಂಗಳು. ಪುಷ್ಪ ಆರು ತಿಂಗಳಿಂದ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು.

ಅವಳು ಹೋಗಿ ಚೀಟಿ ಎತ್ತಿದಳು. ಬಿಡಿಸಿದಳು. ಓದಲಿಲ್ಲ.

"ಓದಮ್ಮ," ಎಂದ ರುದ್ರಸ್ವಾಮಿ ತಾವೇ ಬಗ್ಗಿ ನೋಡಿದರು. "ಪುಷ್ಪ, ಹೂಗ್ಯಂ. ಯಾರಮ್ಮ ಪುಷ್ಪ?"

"ನಾನೇಯ ಸಾ."

ಹಿಂದಿದ್ದವರೆಲ್ಲ ಅವಳ ಕೈಯತ್ತ ಕತ್ತು ಚಾಚಿದರು.

"ಮೋಸ! ಚೀಟೀನ ಕೈಯಲ್ಲೇ ಮಡಿಕಂಡು ಓಗವ್ಳೆ!"

ಆ ದನಿ ಅವಳಿಗೆ ಗೊತ್ತಿತ್ತು. ತಿರುಗಿದಳು. ಮಾದೇಶ್ ಅವಳನ್ನು ನೋಡುತ್ತಿರಲಿಲ್ಲ, ಡಬ್ಬವನ್ನು ನೋಡುತ್ತಿದ್ದ. ಅಷ್ಟರಲ್ಲಿ "ಮೋಸ, ಮೋಸ" ಎನ್ನುತ್ತ ಹೆಸರು ಬಾರದವರೆಲ್ಲ ಮುಂದಕ್ಕೆ ನುಗ್ಗಿದರು. ಮೇಜು ಜರುಗಿ ಪುಷ್ಪಳ ಸೊಂಟಕ್ಕೆ ತಾಗಿತು. ನೀರಿನ ಲೋಟ ಉರುಳಿತು.

ರುದ್ರಸ್ವಾಮಿ ಎದ್ದು ನಿಂತರು. "ಸುಮ್ಮನಿರ್ರಿ! ನೋಡಮ್ಮ, ಎಲ್ಲರ ಸಮಾಧಾನಕ್ಕೆ ಇದೊಂದನ್ನ ವಾಪಸ್ ಹಾಕಿಬಿಡೋಣ. ವಾಚ್‌ಮನ್ ಪುಟ್ಟಬಸಪ್ಪನವರು ಎತ್ತಲಿ. ಅದೃಷ್ಟ ಇದ್ರೆ ಮತ್ತೆ ನಿನ್ನ ಹೆಸರೇ ಬರುತ್ತೆ." ಅವರು ಕೈ ಚಾಚಿದರು.

ನಲವತ್ನಾಲ್ಕು ಚೀಟಿಯಲ್ಲಿ ಒಂದು. ಪುಷ್ಪ ಮುಷ್ಟಿ ಬಿಗಿಹಿಡಿದಳು.

"ಆಕಕ್ಕಿಲ್ಲ ಸಾ."

"ಏನಂದೆ?"

"ನಾನಾಗೇ ಬರ್ನಿಲ್ಲ. ಎತ್ತು ಅಂದ್ರು, ಎತ್ತಿವ್ನಿ. ಇದ್ನ ವಾಪಸ್ ಆಕದಾದ್ರೆ ಆ ಹತ್ತೊಂಬತ್ತೂ ಆಕಿ. ಎಲ್ಲಾರ್ದೂವೆ ಮೊದ್ಲಿಂದ ಎತ್ತಿ."

ಗೋಡೆಯ ಪಕ್ಕದವರು ಬೆಚ್ಚಿದರು. ಧನಗೆರೆಯ ಭವ್ಯ ಫೈಲನ್ನು ಎದೆಗವಚಿಕೊಂಡು ಮುಂದೆ ಬಂದಳು. "ನಮ್ದ್ಯಾಕ್ ಆಕ್ತೀರಿ ಸಾ? ನಮ್ದು ಬಂದಾಯ್ತಲ್ಲ!" ಉಳಿದ ಹದಿನೆಂಟು ಮಂದಿಯೂ ಅವಳ ಹಿಂದೆ ಸರಿದು ಬಂದರು. ಆವರೆಗೆ ಅವರ್ಯಾರೂ ಪುಷ್ಪಳ ಪರವಾಗಿ ಬಾಯಿ ತೆರೆದಿರಲಿಲ್ಲ. ಈಗ ಕೋಣೆ ಎರಡಾಗಿ ಎದುರುಬದುರು ನಿಂತಿತ್ತು. ನಡುವೆ ಒಂದು ಮೇಜು, ಒಂದು ಡಬ್ಬ.

ರುದ್ರಸ್ವಾಮಿ ಎರಡೂ ಕಡೆ ನೋಡಿದರು. ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಕುಳಿತು, ರಿಜಿಸ್ಟರಿನಲ್ಲಿ ಬರೆದರು. "ಇಪ್ಪತ್ತು. ಪುಷ್ಪ, ಹೂಗ್ಯಂ. ಸೈನ್ ಮಾಡಮ್ಮ, ಬೇಗ."

ಅವಳ ಸಹಿ ಗೆರೆ ಬಿಟ್ಟು ಕೆಳಗಿಳಿಯಿತು.

ಬೈಯುತ್ತ, ಗೊಣಗುತ್ತ ಜನ ಕರಗಿದರು. ಪುಟ್ಟಬಸಪ್ಪ ಡಬ್ಬವನ್ನು ಮೂಲೆಯಲ್ಲಿ ಬೋರಲು ಹಾಕಿದ. ಮಾದೇಶ್ ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಚೀಟಿ ಬಿಡಿಸಿ ನೋಡತೊಡಗಿದ. ತನ್ನ ಹೆಸರಿನದು ಸಿಕ್ಕಿದಾಗ ಅದನ್ನು ನೆಲದ ಮೇಲಿಟ್ಟು ಬೆರಳಿನಿಂದ ಮಡಿಕೆ ತೀಡಿದ. ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದು ಹೋದ. ಪುಷ್ಪ "ಅಣ್ಣ" ಎಂದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಅವಳು ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಊರಿನ ಬಸ್ಸು ತುಂಬಿತ್ತು. ಹತ್ತಿ ಬಾಗಿಲ ಬಳಿಯೇ ನಿಂತಳು. ನಾಲ್ಕನೆಯ ಸಾಲಿನ ಕಿಟಕಿಯ ಪಕ್ಕ ಮಾದೇಶ್ ಕುಳಿತಿದ್ದ. ಅವನ ಪಕ್ಕದ ಸೀಟೊಂದೇ ಖಾಲಿ, ಅದರ ಮೇಲೆ ಅವನ ಕೈಯಿತ್ತು. ಹನೂರಿಗೆ ಹೊರಟಿದ್ದ ಹೆಂಗಸೊಬ್ಬಳು ಚೀಲ ಹೊತ್ತು ಅಲ್ಲಿ ಬಗ್ಗಿದಳು.

"ಇಲ್ಲಿ ಯಾರಾರ ಅವ್ರಾ?"

"ಬತ್ತಾರೆ ಕಣಕ್ಕ."

ಹೆಂಗಸು ಗೊಣಗಿಕೊಂಡು ಹಿಂದಕ್ಕೆ ಹೋದಳು. "ಒಳಕ್ಕೆ ನಡಿಯಮ್ಮ, ಒಳಕ್ಕೆ," ಎಂದು ಕಂಡಕ್ಟರ್ ಕೂಗಿದ. ಪುಷ್ಪ ಕಂಬಿ ಬಿಡಲಿಲ್ಲ. ಬಸ್ಸು ಹನೂರಿನ ರಸ್ತೆಗೆ ಹೊರಳಿತು. ಮಾದೇಶ್ ಕಿಟಕಿಯಾಚೆಗೇ ನೋಡುತ್ತ, ಪಕ್ಕದ ಸೀಟಿನ ಮೇಲಿಟ್ಟ ಕೈಯನ್ನು ತೆಗೆಯದೆ ಕುಳಿತಿದ್ದ.